ಸಿಂಕ್ ಕೆಳಗಿನ ಸೋರಿಕೆ ಮತ್ತು ಮೂರು ತಿಂಗಳ ಅಡ್ವಾನ್ಸ್: ಮೊದಲ ಸಲ ಮನೆ ಬಾಡಿಗೆಗೆ ಕೊಟ್ಟವರ ಒಂದು ಪ್ರಕರಣ ಅಧ್ಯಯನ

ಎರಡು ಮಲಗುವ ಕೋಣೆ, ಹಾಲ್, ಅಡುಗೆಮನೆ, ಒಂದು ಬಚ್ಚಲು ಇರುವ ನೆಲಮಹಡಿಯ ಮನೆ. ಮಾಲೀಕರು ಅದನ್ನು ಬಾಡಿಗೆಗೆ ಕೊಟ್ಟಿದ್ದು ಅದೇ ಮೊದಲು. ಬಂದವರು ಗಂಡ, ಹೆಂಡತಿ ಮತ್ತು ಶಾಲೆಗೆ ಹೋಗುವ ಒಂದು ಮಗು. 22 ತಿಂಗಳು ಇದ್ದು, ಮುಂಚಿತವಾಗಿ ತಿಳಿಸಿಯೇ ಮನೆ ಖಾಲಿ ಮಾಡಿದರು. ಹೊರಡುವ ದಿನ ಎರಡು ಕಡೆಯ ಲೆಕ್ಕವೂ ಒಂದಕ್ಕೊಂದು ಹತ್ತಿರ ಬರಲೇ ಇಲ್ಲ. ತಿಂಗಳ ಬಾಡಿಗೆ 100 ಎಂದು ಹಿಡಿದರೆ, ಮಾಲೀಕರು ತಮಗೆ 92 ವಾಪಸ್ ಕೊಡಬೇಕು ಎಂದು ಬಾಡಿಗೆದಾರರು ಹೇಳಿದರೆ, ಅಡ್ವಾನ್ಸ್ ಪೂರ್ತಿ ಮುಗಿದು ಬಾಡಿಗೆದಾರರೇ ಇನ್ನೂ 189 ಕೊಡಬೇಕು ಎಂದು ಮಾಲೀಕರು ಪಟ್ಟು ಹಿಡಿದರು.

ಇಲ್ಲಿ ಬರುವ ಅಂಕಿಗಳು ಯಾವ ದೇಶದ ಹಣವೂ ಅಲ್ಲ. ಒಂದು ತಿಂಗಳ ಬಾಡಿಗೆಯನ್ನು 100 ಎಂದು ಹಿಡಿದು ಉಳಿದದ್ದನ್ನೆಲ್ಲ ಅದೇ ಅಳತೆಯಲ್ಲಿ ಹೇಳಲಾಗಿದೆ. ಅಡ್ವಾನ್ಸ್ ಮೂರು ತಿಂಗಳದ್ದು, ಅಂದರೆ 300. ಬಾಡಿಗೆ ಮನೆಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಮನೆಯ ಸುತ್ತ ಜೋಡಿಸಿ ಈ ಪ್ರಕರಣವನ್ನು ಕಟ್ಟಲಾಗಿದೆ. ಅಡ್ವಾನ್ಸ್ ಮಿತಿ, ನೋಟಿಸ್ ಅವಧಿ, ಹಣ ಹಿಂದಿರುಗಿಸುವ ಗಡುವು ಇವೆಲ್ಲ ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಕರಾರು ಪತ್ರ ಬರೆಯುವ ಮೊದಲೇ ನಿಮ್ಮಲ್ಲಿನ ಕಾನೂನನ್ನು ಓದಿಕೊಳ್ಳಬೇಕು. ಕಾನೂನಿಗೆ ವಿರುದ್ಧವಾದ ಷರತ್ತಿಗೆ ಇಬ್ಬರೂ ಸಹಿ ಹಾಕಿದ್ದರೂ ಅದು ನಿಲ್ಲದೆ ಹೋಗಬಹುದು.

ಕೀ ಕೊಟ್ಟ ದಿನ

ಕೀ ಕೊಡುವಾಗ ಮಾಲೀಕರ ಬಳಿ ಇದ್ದದ್ದು ಒಂದು ಪುಟದ ಕರಾರು ಪತ್ರ ಮತ್ತು ಮನೆ ಖಾಲಿ ಇದೆ ಎಂದು ಜಾಹೀರಾತು ಹಾಕಲು ತೆಗೆದ ಒಂಬತ್ತು ಫೋಟೊಗಳು. ಕರಾರಿನಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು ಎಂದಿತ್ತು. ರಿಪೇರಿ ಯಾರು, ಎಷ್ಟು ದಿನದಲ್ಲಿ ಮಾಡಿಸಬೇಕು, ಅಡ್ವಾನ್ಸ್‌ನಿಂದ ಯಾವ ಕಾರಣಕ್ಕೆ ಹಣ ಮುರಿದುಕೊಳ್ಳಬಹುದು, ಉಳಿದದ್ದನ್ನು ಎಷ್ಟು ದಿನದೊಳಗೆ ಕೊಡಬೇಕು ಎಂಬುದು ಒಂದೂ ಇರಲಿಲ್ಲ. ಮನೆ ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನಂತೂ ಮಾಡಿರಲೇ ಇಲ್ಲ. ಬಾಗಿಲಲ್ಲಿ ನಿಂತು ಕೀ ಕೊಟ್ಟು, ಮೀಟರ್ ಎಲ್ಲಿದೆ ಎಂದು ತೋರಿಸಿ ಹೊರಟುಬಿಟ್ಟರು.

ಜಾಹೀರಾತಿನ ಫೋಟೊ ಸಾಕಲ್ಲ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆ ಫೋಟೊ ತೆಗೆಯುವಾಗ ಕೋಣೆ ದೊಡ್ಡದಾಗಿ, ಬೆಳಕಾಗಿ ಕಾಣಲಿ ಎಂಬುದೇ ಉದ್ದೇಶ. ಬಿರುಕು, ಕಲೆ, ಸಡಿಲ ಬಿಜಾಗರ ಇವು ಅದರಲ್ಲಿ ಸಿಗುವುದಿಲ್ಲ, ಸಿಗದಂತೆಯೇ ತೆಗೆದಿರುತ್ತಾರೆ. ಈ ಮನೆಯ ವಾಷ್ ಬೇಸಿನ್ ವಿಚಾರದಲ್ಲಿ ಮುಂದೆ ಆದದ್ದೂ ಅದೇ.

ಸ್ಥಿತಿಯ ದಾಖಲೆ ಮಾಡುವ ಸರಿಯಾದ ಕ್ರಮಕ್ಕೆ ಎರಡು ಗಂಟೆ ಬೇಕು, ಬಾಡಿಗೆದಾರರು ಜೊತೆಯಲ್ಲಿರಬೇಕು, ಸಾಮಾನು ಒಳಗೆ ಬಂದಿರಬಾರದು. ಮುಂಬಾಗಿಲಿನಿಂದ ಶುರು ಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಪ್ರತಿ ಕೋಣೆಯನ್ನೂ ಸುತ್ತಬೇಕು. ಖಾಲಿ ಮಾಡುವ ದಿನವೂ ಅದೇ ದಾರಿಯಲ್ಲಿ ಸುತ್ತುವುದರಿಂದ ಎರಡು ಸಲದ ಫೋಟೊಗಳು ಒಂದಕ್ಕೊಂದು ಕೂಡಿಬರುತ್ತವೆ. ಕೋಣೆಯ ನಾಲ್ಕು ಮೂಲೆಗಳಿಂದ ಒಂದೊಂದು, ಚಾವಣಿಯದು ಒಂದು, ನೆಲದ್ದು ಒಂದು. ಆಮೇಲೆ ಕಣ್ಣಿಗೆ ಬಿದ್ದ ಪ್ರತಿ ಕುಂದಿನದೂ ಎರಡು: ದೂರದಿಂದ ಒಂದು, ಅದು ಎಲ್ಲಿದೆ ಎಂದು ತಿಳಿಯಲು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಇನ್ನೊಂದು, ಎಷ್ಟಿದೆ ಎಂದು ತಿಳಿಯಲು. ಅಳತೆಪಟ್ಟಿ ಇಲ್ಲದೆ ತೆಗೆದ ಬಿರುಕಿನ ಫೋಟೊದಲ್ಲಿ ಎರಡು ಸೆಂಟಿಮೀಟರ್ ಬಿರುಕೂ ಇಪ್ಪತ್ತು ಸೆಂಟಿಮೀಟರ್ ಬಿರುಕೂ ಒಂದೇ ತರ ಕಾಣುತ್ತವೆ. ಎರಡು ಮಲಗುವ ಕೋಣೆಯ ಮನೆಗೆ ಎಂಬತ್ತು, ನೂರು ಫೋಟೊ ಆದರೆ ಹೆಚ್ಚೇನಲ್ಲ.

ಸಿಂಕ್ ಕೆಳಗಿನ ಕಪಾಟು, ಓವನ್ ಒಳಗು, ಕಿಟಕಿಯ ಹಳಿ, ಬಾಗಿಲ ಹಿಂಬದಿ, ಕಮೋಡ್ ಹಿಂದಿನ ಗೋಡೆ ಇವನ್ನು ಬಿಟ್ಟುಬಿಡುವುದು ಸಾಮಾನ್ಯ. ಜಗಳ ಬರುವುದೂ ಅಲ್ಲೇ. ಪ್ರತಿ ನಲ್ಲಿ ತಿರುಗಿಸಿ, ಫ್ಲಶ್ ಮಾಡಿ, ಪ್ರತಿ ಸ್ವಿಚ್ ಹಾಕಿ ನೋಡಿ. ವಿದ್ಯುತ್ ಮತ್ತು ನೀರಿನ ಮೀಟರ್ ರೀಡಿಂಗ್ ಫೋಟೊದಲ್ಲಿರಲಿ. ಕೊಟ್ಟ ಕೀಗಳನ್ನೆಲ್ಲ ಒಂದು ಕಾಗದದ ಮೇಲೆ ಹರಡಿ, ಪಕ್ಕದಲ್ಲೇ ಸಂಖ್ಯೆ ಬರೆದು ಒಂದು ಫೋಟೊ. ಎಲ್ಲವನ್ನೂ ಅದೇ ದಿನ ಬಾಡಿಗೆದಾರರಿಗೆ ಕಳಿಸಿ, "ನಮ್ಮ ಕಣ್ಣಿಗೆ ಬೀಳದ್ದು ಏನಾದರೂ ಇದ್ದರೆ ಏಳು ದಿನದೊಳಗೆ ಫೋಟೊ ಸಮೇತ ಸೇರಿಸಿ" ಎಂದು ಬರೆಯಬೇಕು. ಅವರು ಸೇರಿಸಿದ್ದನ್ನು ಒಪ್ಪಿ ಉತ್ತರ ಕೊಡಬೇಕು. ಬಾಡಿಗೆದಾರರು ಕುಂದುಗಳ ಪಟ್ಟಿ ಕಳಿಸಿದರೆ ಹೊಸ ಮಾಲೀಕರಿಗೆ ಮುಜುಗರ ಆಗುವುದುಂಟು, ಆದರೆ ಆ ಪಟ್ಟಿ ಇಬ್ಬರನ್ನೂ ಕಾಯುತ್ತದೆ.

ಸಿಂಕ್ ಕೆಳಗೆ ಒದ್ದೆ

ಎಂಟನೇ ತಿಂಗಳಲ್ಲಿ ಬಾಡಿಗೆದಾರರಿಂದ ಮೆಸೇಜ್ ಬಂತು: "ಸರ್, ಅಡುಗೆಮನೆ ಸಿಂಕ್ ಕೆಳಗೆ ಒದ್ದೆ ಆಗ್ತಿದೆ. ಒಮ್ಮೆ ನೋಡಿಸಿ." ಮಾಲೀಕರ ಉತ್ತರ: "ಆಯ್ತು, ಈ ವಾರ ಪ್ಲಂಬರ್ ಕಳಿಸ್ತೀನಿ." ಪ್ಲಂಬರ್ ಎರಡು ಸಲ ಬಂದರು, ಎರಡೂ ಸಲ ಮನೆಗೆ ಬೀಗ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು ಎಂದು ಮಾಲೀಕರಿಗೆ ಗೊತ್ತಿತ್ತು, ಆದರೂ ಸಮಯ ಗೊತ್ತು ಮಾಡಿರಲಿಲ್ಲ. ಆಮೇಲೆ ವಿಷಯ ತಣ್ಣಗಾಯಿತು. ಬಾಡಿಗೆದಾರರು ಕೆಳಗೊಂದು ಪಾತ್ರೆ ಇಟ್ಟುಕೊಂಡು ದಿನ ದೂಡಿದರು. ಪ್ಲಂಬರ್ ಒಳಗೆ ಬಂದು ನೋಡಿದ್ದು ಹನ್ನೊಂದನೇ ತಿಂಗಳಲ್ಲಿ.

ದೋಷ ಇದ್ದದ್ದು ಗೋಡೆಯ ಬಳಿ ನೀರು ನಿಲ್ಲಿಸುವ ಸಣ್ಣ ನಲ್ಲಿಯಾದ ಆ್ಯಂಗಲ್ ಕಾಕ್‌ಗೂ ಕನೆಕ್ಷನ್ ಪೈಪ್‌ಗೂ ನಡುವಿನ ರಬ್ಬರ್ ವಾಷರ್‌ನಲ್ಲಿ. ವಾಷರ್ ಒಂದು ಬದಿಗೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಹಿತ್ತಾಳೆಯ ನಟ್ ಸುತ್ತ ಬಿಳಿ, ಹಸಿರು ಬಣ್ಣದ ಪುಡಿ ಕಟ್ಟಿತ್ತು. ಇಂಥ ಪುಡಿ ಕಂಡರೆ ಸೋರಿಕೆ ನಿನ್ನೆ ಮೊನ್ನೆಯದಲ್ಲ, ನೀರು ಜಿನುಗಿ ಒಣಗಿ ಮತ್ತೆ ಜಿನುಗಿ ವಾರಗಟ್ಟಲೆ ಆಗಿದೆ ಎಂದೇ ತಿಳಿಯಬೇಕು. ಈ ಜೋಡಣೆಯಲ್ಲಿ ನೀರು ತಡೆಯುವುದು ವಾಷರ್; ಅಲ್ಲಿ ಟೆಫ್ಲಾನ್ ಟೇಪ್ ಸುತ್ತಿದರೆ ಉಪಯೋಗವಿಲ್ಲ. ಟೇಪ್ ಬೇಕಾದದ್ದು ಆ್ಯಂಗಲ್ ಕಾಕ್ ಗೋಡೆಯೊಳಗೆ ಹೋಗುವ ಕಡೆಯ ತಿರುಪಿನ ಮರೆಗೆ (ಥ್ರೆಡ್). ಕನೆಕ್ಷನ್ ಪೈಪ್‌ನ ನಟ್ ಅನ್ನು ಕೈಯಿಂದ ಪೂರ್ತಿ ಬಿಗಿ ಮಾಡಿ, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಕೊಟ್ಟರೆ ಸಾಕು. ಜೋರಾಗಿ ತಿರುಗಿಸಿದರೆ ವಾಷರ್ ಕತ್ತರಿಸುತ್ತದೆ, ಹೊಸದಾಗಿ ಹಾಕಿದ್ದೂ ಬೇಗನೆ ಸೋರತೊಡಗುತ್ತದೆ.

ಹತ್ತು ಸೆಕೆಂಡಿಗೆ ಒಂದು ಹನಿ ಎಂದರೆ ಯಾರಿಗೂ ಭಯವಾಗುವುದಿಲ್ಲ. ಲೆಕ್ಕ ಹಾಕಿ ನೋಡಿ: ದಿನಕ್ಕೆ 8,640 ಹನಿ. ಒಂದು ಹನಿಯನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ಎರಡು ಲೀಟರ್‌ಗೂ ಸ್ವಲ್ಪ ಹೆಚ್ಚು. ಮೂರು ತಿಂಗಳಲ್ಲಿ 190 ಲೀಟರ್ ದಾಟುತ್ತದೆ. ಪಾತ್ರೆಗೆ ಬಿದ್ದದ್ದು ಬಿಟ್ಟು ಉಳಿದದ್ದು ಕಪಾಟಿನ ತಳದ ಹಲಗೆಗೆ, ಹಲಗೆಯ ಹಿಂದಿನ ಸಂದಿಯಿಂದ ಗೋಡೆಗೆ ಹೋಯಿತು. ತಳದ ಹಲಗೆ ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಈ ಹಲಗೆ ಮೇಲ್ಭಾಗದ ಲ್ಯಾಮಿನೇಟ್ ಇರುವ ತನಕ ಚೆನ್ನಾಗಿರುತ್ತದೆ. ಕತ್ತರಿಸಿದ ಅಂಚಿನಿಂದ ನೀರು ಹೀರಿ ಒಮ್ಮೆ ಉಬ್ಬಿತೆಂದರೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಇಲ್ಲಿ ಬಾಗಿಲಿನ ಕೆಳಗಿನ ಬಿಜಾಗರ ಕಿತ್ತು ಬಂದದ್ದು ಹಾಗೆಯೇ. ಒದ್ದೆಯಾದ ಮರ, ಪ್ಲಾಸ್ಟರ್, ಬಟ್ಟೆಯನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, "ಈ ವಾರ ಕಳಿಸ್ತೀನಿ" ಎಂಬ ಮಾತೇ ತಡವಾದದ್ದು ಎಂದು ಗೊತ್ತಾಗುತ್ತದೆ.

ಮೆಸೇಜ್ ಬಂದ ದಿನವೇ ಮಾಲೀಕರು ಫೋನ್ ಮಾಡಿ ಮೂರು ಪ್ರಶ್ನೆ ಕೇಳಬಹುದಿತ್ತು. ನೀರು ಯಾವಾಗಲೂ ಬರುತ್ತದೋ, ಸಿಂಕ್ ಬಳಸಿದಾಗ ಮಾತ್ರವೋ? ರಾತ್ರಿ ಪಾತ್ರೆ ಇಟ್ಟರೆ ಬೆಳಿಗ್ಗೆಗೆ ಎಷ್ಟು ತುಂಬಿರುತ್ತದೆ? ಆ್ಯಂಗಲ್ ಕಾಕ್ ತಿರುಗಿಸಿದರೆ ನಿಲ್ಲುತ್ತದೆಯೋ? ಯಾವಾಗಲೂ ಬರುತ್ತಿದ್ದರೆ ದೋಷ ನೀರು ಬರುವ ಪೈಪಿನದು. ಬಳಸಿದಾಗ ಮಾತ್ರ ಬಂದರೆ ನೀರು ಹೊರಹೋಗುವ ವೇಸ್ಟ್ ಪೈಪ್ ಅಥವಾ ಸಿಂಕ್ ಕೆಳಗೆ ವಾಸನೆ ತಡೆಯುವ ಬಾಟಲ್ ಟ್ರ್ಯಾಪ್‌ನದು. ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟು ನೋಡಿದರೆ ಖಚಿತವಾಗುತ್ತದೆ. ಎಲ್ಲಿಂದ ಎಂದು ಹಿಡಿಯಲು ಪೈಪನ್ನು ಒರೆಸಿ ಒಣಗಿಸಿ, ಟಿಶ್ಯೂ ಕಾಗದದ ತುಂಡನ್ನು ಮೇಲಿನಿಂದ ಕೆಳಕ್ಕೆ ಒಂದೊಂದು ಜೋಡಣೆಗೂ ತಾಗಿಸುತ್ತ ಬರಬೇಕು. ಮೊದಲು ಒದ್ದೆಯಾದ ಜಾಗವೇ ಮೂಲ; ಕೆಳಗಿನದೆಲ್ಲ ಇಳಿದು ಬಂದ ನೀರು. ಈ ಪ್ರಕರಣದಲ್ಲಿ ಕಾಕ್ ಮುಚ್ಚಿದ್ದರೆ ಹನಿ ಆ ಕ್ಷಣವೇ ನಿಲ್ಲುತ್ತಿತ್ತು. ಪ್ಲಂಬರ್ ಮೂರು ದಿನ ಬಿಟ್ಟು ಬಂದಿದ್ದರೂ ನಷ್ಟವಾಗುತ್ತಿರಲಿಲ್ಲ. ವಾಷರ್, ಹೊಸ ಕನೆಕ್ಷನ್ ಪೈಪ್, ಪ್ಲಂಬರ್ ಕೂಲಿ ಎಲ್ಲ ಸೇರಿ 3. ಕೊನೆಗೆ ಬಿದ್ದ ಖರ್ಚು ಕಪಾಟಿಗೆ 70, ಗೋಡೆ ಕೆರೆದು ಪ್ಲಾಸ್ಟರ್ ಮತ್ತು ಬಣ್ಣಕ್ಕೆ 20.

ಇದರಿಂದ ಕರಾರಿಗೆ ಸೇರಬೇಕಾದ ಒಂದು ಷರತ್ತು ಹುಟ್ಟುತ್ತದೆ. ಗ್ಯಾಸ್ ವಾಸನೆ, ಸುಟ್ಟ ವಾಸನೆ, ಶಾಕ್ ಹೊಡೆಯುವುದು, ನೀರೇ ಬಾರದಿರುವುದು, ಕೊಳಚೆ ಒಳಕ್ಕೆ ಉಕ್ಕುವುದು, ಮುಂಬಾಗಿಲ ಬೀಗ ಕೆಡುವುದು ಇವಕ್ಕೆ ಅದೇ ದಿನ. ಯಾವುದೇ ಸೋರಿಕೆಗೆ 48 ಗಂಟೆ. ಉಳಿದದ್ದಕ್ಕೆ ಎರಡು ವಾರ. ಕೆಲಸ ಯಾವಾಗಲೇ ಆಗಲಿ, ಉತ್ತರ ಮಾತ್ರ ಒಂದು ದಿನದೊಳಗೆ, ಬರುವ ತಾರೀಖು ಮತ್ತು ಸಮಯ ಸಮೇತ. ತುರ್ತು ಇಲ್ಲದಾಗ ಮನೆಯೊಳಗೆ ಬರುವುದಿದ್ದರೆ ಕನಿಷ್ಠ 24 ಗಂಟೆ ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು. ಮನೆ ನಿಮ್ಮದೇ ಆದರೂ ಅಲ್ಲಿ ವಾಸ ಇರುವವರು ಅವರು.

ಸೋರಿಕೆ ಇದೆ ಎಂದು ಹೇಳುವ ಹೊಣೆ ಬಾಡಿಗೆದಾರರದು. ಅವರು ಹೇಳಿದರು, ಬರಹದಲ್ಲಿ ಹೇಳಿದರು. ಹೇಳಿದ ಮೇಲೆ ಹೆಚ್ಚಿದ ಹಾನಿಯೆಲ್ಲ ಮಾಲೀಕರ ಲೆಕ್ಕಕ್ಕೆ.

ಕೊನೆಯ ಎರಡು ತಿಂಗಳು

ಇಪ್ಪತ್ತನೇ ತಿಂಗಳಲ್ಲಿ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟರು. ಜೊತೆಗೇ, "ಸರ್, ಮುಂದಿನ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ" ಎಂದರು. ಮಾಲೀಕರು ಸಿಟ್ಟಾದರು, ಆದರೆ ಬರಹದಲ್ಲಿ ಏನೂ ಹೇಳಲಿಲ್ಲ.

ಬಾಡಿಗೆದಾರರು ಹೀಗೆ ಮಾಡುವುದು ಸರಿಯಲ್ಲ. ಅಡ್ವಾನ್ಸ್ ಇರುವುದೇ ಖಾಲಿ ಮಾಡಿದ ಮೇಲೆ ಕಾಣುವ ಹಾನಿಗೆ. ಅದನ್ನು ಬಾಡಿಗೆಯಾಗಿ ತಿಂದುಬಿಟ್ಟರೆ ಆ ರಕ್ಷಣೆ ಇಲ್ಲವಾಗುತ್ತದೆ. ಆದರೆ ಅವರು ಹಾಗೆ ಮಾಡಲು ಕಾರಣವಿತ್ತು: ಹಣ ವಾಪಸ್ ಬರುತ್ತದೆ ಎಂಬ ನಂಬಿಕೆ ಸಿಂಕ್ ವಿಷಯದಲ್ಲೇ ಹೋಗಿತ್ತು. ಅವರ ಅನುಮಾನ ಸುಳ್ಳೂ ಆಗಿರಲಿಲ್ಲ, ಮಾಲೀಕರು 300ನ್ನು ಬೇರೆ ಖರ್ಚಿಗೆ ಬಳಸಿಬಿಟ್ಟಿದ್ದರು. ಅಡ್ವಾನ್ಸ್ ಕೈಗೆ ಬಂದ ದಿನವೇ ಬೇರೆ ಖಾತೆಯಲ್ಲಿ ಇಟ್ಟು, ರಸೀದಿ ಕೊಟ್ಟು, ಆ ಕಡೆ ಮತ್ತೆ ನೋಡಬಾರದು. ಅದು ಬಾಡಿಗೆದಾರರ ಹಣ, ನೀವು ಕಾಯುತ್ತಿದ್ದೀರಿ ಅಷ್ಟೇ. "ಅಡ್ವಾನ್ಸ್ ಅನ್ನು ಬಾಡಿಗೆಗೆ ಹೊಂದಿಸುವಂತಿಲ್ಲ, ಖಾಲಿ ಮಾಡಿದ ಇಂತಿಷ್ಟು ದಿನದೊಳಗೆ, ಬಿಲ್ಲು ಸಮೇತ ಲೆಕ್ಕ ಕೊಟ್ಟು ಉಳಿದದ್ದನ್ನು ಹಿಂದಿರುಗಿಸಲಾಗುವುದು" ಎಂದು ಎರಡೂ ಮಾತನ್ನು ಒಟ್ಟಿಗೆ ಕರಾರಿನಲ್ಲಿ ಬರೆದರೆ ಮಾತ್ರ ಮೊದಲನೆಯದನ್ನು ಯಾರಾದರೂ ಪಾಲಿಸುತ್ತಾರೆ.

ಇನ್ನೊಂದು ಅವಕಾಶವೂ ಕೈತಪ್ಪಿತು. ಹೊರಡುವ ಎರಡು, ಮೂರು ವಾರ ಮೊದಲು ಇಬ್ಬರೂ ಸೇರಿ ಮನೆ ಸುತ್ತಿ, ಏನೇನು ಸರಿಪಡಿಸಬೇಕು ಎಂದು ಪಟ್ಟಿ ಕೊಟ್ಟಿದ್ದರೆ ಬಾಡಿಗೆದಾರರೇ ಅರ್ಧ ಕೆಲಸ ಮುಗಿಸಿ ಹೋಗುತ್ತಿದ್ದರು. ಎಕ್ಸಾಸ್ಟ್ ಫ್ಯಾನ್ ಒರೆಸಲು ಅವರಿಗೆ ಅರ್ಧ ಗಂಟೆ ಸಾಕು. ನೀವು ಕೂಲಿ ಕೊಟ್ಟು ಮಾಡಿಸಿ ಮುರಿದುಕೊಂಡರೆ ಅದೇ ಜಗಳ.

ಮಾಲೀಕರ ಪಟ್ಟಿ

ಖಾಲಿಯಾದ ಮೂರನೇ ದಿನ ಮಾಲೀಕರು ಕಳಿಸಿದ ಪಟ್ಟಿ ಹೀಗಿತ್ತು: ಇಡೀ ಮನೆಗೆ ಬಣ್ಣ 160, ಸಿಂಕ್ ಕಪಾಟು 70, ಬಿರುಕು ಬಿಟ್ಟ ವಾಷ್ ಬೇಸಿನ್ 24, ಮುಂಬಾಗಿಲ ಬೀಗ 12, ಶುಚಿ 15. ಒಟ್ಟು 281. ಬಾಕಿ ಬಾಡಿಗೆ 200, ಕೊನೆಯ ವಿದ್ಯುತ್ ಬಿಲ್ 8 ಸೇರಿ 489. ಯಾವುದಕ್ಕೂ ಬಿಲ್ಲಿರಲಿಲ್ಲ, ಎಲ್ಲ ಅಂದಾಜು.

ಬಾಕಿ ಬಾಡಿಗೆ ಮತ್ತು ವಿದ್ಯುತ್ ಬಿಲ್ ಬಗ್ಗೆ ತಕರಾರಿಲ್ಲ, 208 ನ್ಯಾಯವಾಗಿ ಮಾಲೀಕರದೇ. ಉಳಿದದ್ದನ್ನು ಬಿಡಿಸಿ ನೋಡಬೇಕು.

ಬಣ್ಣದ್ದೇ ದೊಡ್ಡ ಮೊತ್ತ, ತಪ್ಪು ತಿಳಿವಳಿಕೆಯೂ ಅದರಲ್ಲೇ ಹೆಚ್ಚು. ಜನ ವಾಸ ಮಾಡಿದರೆ ಬಣ್ಣ ಮಾಸುತ್ತದೆ, ಸೋಫಾ ತಾಗಿದಲ್ಲಿ ಗೆರೆ ಬೀಳುತ್ತದೆ, ಕ್ಯಾಲೆಂಡರ್ ಹಾಕಿದ ಮೊಳೆಯ ತೂತು ಇರುತ್ತದೆ. ಇವು ಬಳಕೆಯ ಸವಕಳಿ. ಅದರ ಬೆಲೆ ತಿಂಗಳ ಬಾಡಿಗೆಯಲ್ಲೇ ಬಂದಿದೆ. ಹಾನಿ ಎಂದು ಎಣಿಸಬಹುದಾದದ್ದು ಈ ಮನೆಯಲ್ಲಿ ಒಂದೇ: ಮಗುವಿನ ಕೋಣೆಯಲ್ಲಿ ದೀಪದ ಪಟ್ಟಿಯನ್ನು ಗಟ್ಟಿ ಅಂಟಿನ ಟೇಪ್‌ನಲ್ಲಿ ಅಂಟಿಸಿ, ಹೊರಡುವಾಗ ಎಳೆದದ್ದರಿಂದ ಎರಡು ಗೋಡೆಗಳಲ್ಲಿ ಪುಟ್ಟಿ ಸಮೇತ ಬಣ್ಣ ಕಿತ್ತು ಬಂದಿತ್ತು. ಬಾಡಿಗೆದಾರರೂ ಅದನ್ನು ಒಪ್ಪಿದರು. ಆ ಕೋಣೆಗೆ ಬಣ್ಣ ಹೊಡೆಸಲು 36, ಪುಟ್ಟಿ ತುಂಬಲು 4.

ಆದರೂ 36 ಪೂರ್ತಿ ಕೇಳುವಂತಿಲ್ಲ. ಒಳಗಿನ ಬಣ್ಣದ ಆಯುಸ್ಸನ್ನು 60 ತಿಂಗಳು ಎಂದು ಹಿಡಿಯೋಣ. ಬಾಡಿಗೆದಾರರು ಬರುವಾಗಲೇ ಅದಕ್ಕೆ 20 ತಿಂಗಳಾಗಿತ್ತು, ಹೋಗುವಾಗ 42. ಉಳಿದ ಆಯುಸ್ಸು 18 ತಿಂಗಳು, ಅಂದರೆ ಶೇ. 30. ಹಾನಿಯಿಂದ ಮಾಲೀಕರು ಕಳೆದುಕೊಂಡದ್ದು ಹಳೆಯ ಬಣ್ಣದ ಆ ಉಳಿದ ಭಾಗವನ್ನು ಮಾತ್ರ: 36ರಲ್ಲಿ ಶೇ. 30, ಅಂದರೆ 10.8. ಪುಟ್ಟಿಯ 4 ಪೂರ್ತಿ ಸೇರಿಸಿ 14.8. ಪೂರ್ತಿ 36 ಪಡೆದರೆ ಮಾಲೀಕರಿಗೆ ಬಾಡಿಗೆದಾರರ ಖರ್ಚಿನಲ್ಲಿ ಹೊಸ ಬಣ್ಣ ಸಿಕ್ಕಂತಾಗುತ್ತದೆ, ಅದು ನ್ಯಾಯವಲ್ಲ. ಬಣ್ಣ ಹೊಡೆಸಿದ ತಾರೀಖು ಮತ್ತು ಬಿಲ್ಲು ಇಟ್ಟುಕೊಂಡಿದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. ಮಾಲೀಕರು ಸರಿಯಾಗಿ ಜೋಪಾನ ಮಾಡಿದ್ದ ಒಂದೇ ಕಾಗದ ಅದು.

ಕಪಾಟಿನ 70ರಲ್ಲಿ ಬಾಡಿಗೆದಾರರ ಪಾಲು ಸೊನ್ನೆ, ಕಾರಣ ಮೇಲೆ ಬಂದಿದೆ. ತಪ್ಪು ಪೂರ್ತಿ ಅವರದೇ ಆಗಿದ್ದರೂ 70 ಸಿಗುತ್ತಿರಲಿಲ್ಲ. ಕಪಾಟಿಗೆ ಹತ್ತು ವರ್ಷದ ಆಯುಸ್ಸು ಹಿಡಿದರೆ 120 ತಿಂಗಳು. ಅದಕ್ಕಾಗಲೇ 94 ತಿಂಗಳಾಗಿತ್ತು. ಉಳಿದ 26 ತಿಂಗಳ ಬೆಲೆ ಸುಮಾರು 15.

ಕಪಾಟಿನ ಬೆನ್ನಿಗಿರುವ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಕೋಣೆಯೊಳಗೆ ಒದ್ದೆ ಬಟ್ಟೆ ಒಣಗಿಸಿದ್ದರಿಂದ ಹೀಗಾಗಿದೆ ಎಂಬುದು ಮಾಲೀಕರ ವಾದ. ತೇವದ ಗುರುತು ಓದಲು ಬಂದರೆ ಇಂಥ ವಾದ ಅಲ್ಲೇ ತೀರುತ್ತದೆ. ಒಳಗಿನ ಗಾಳಿಯ ತೇವ ಗೋಡೆಗೆ ಕೂತರೆ ತಣ್ಣಗಿರುವ ಮೂಲೆಗಳಲ್ಲಿ, ಕಿಟಕಿ ಸುತ್ತ, ಬೀರುವಿನ ಹಿಂದೆ ಕಪ್ಪು ಚುಕ್ಕೆಗಳ ಬೂಷ್ಟಾಗಿ ಕಾಣುತ್ತದೆ. ನೆಲದಿಂದ ಏರುವ ತೇವ ಗೋಡೆಯ ಉದ್ದಕ್ಕೂ ಪಟ್ಟಿಯಾಗಿ, ಸಾಮಾನ್ಯವಾಗಿ ಒಂದು ಮೀಟರ್ ಎತ್ತರದೊಳಗೆ ನಿಂತು, ಮೇಲಂಚಿನಲ್ಲಿ ಬಿಳಿ ಉಪ್ಪು ಬಿಡುತ್ತದೆ. ಪೈಪ್ ಸೋರಿಕೆಯದು ಒಂದು ಜಾಗದಿಂದ ಹರಡುವ ಕಲೆ, ಅಂಚು ಕಂದು. ಇಲ್ಲಿನ ಕಲೆ ನೆಲದಿಂದ 10ರಿಂದ 35 ಸೆಂಟಿಮೀಟರ್ ಎತ್ತರದಲ್ಲಿ, 70 ಸೆಂಟಿಮೀಟರ್ ಅಗಲಕ್ಕೆ ಇತ್ತು. ಆಚೆ ಬದಿಯ ಕಪಾಟಿನ ಅಗಲ 75. ಹೊರಗೋಡೆಯಿಂದ ಎರಡೂ ಕಡೆ ಅಳೆದಾಗ ಕಲೆಯ ಮಧ್ಯವೂ ಆ್ಯಂಗಲ್ ಕಾಕ್‌ನ ಜಾಗವೂ ಒಂದೇ ದೂರಕ್ಕೆ ಬಂದವು. ಟೇಪ್ ಹಿಡಿದು ಎರಡು ನಿಮಿಷ ಅಳೆದಿದ್ದರೆ ಮಾಲೀಕರು ಆ ಆರೋಪವನ್ನೇ ಮಾಡುತ್ತಿರಲಿಲ್ಲ, ಬಾಡಿಗೆದಾರರ ಮನಸ್ಸೂ ಅಷ್ಟು ಕೆಡುತ್ತಿರಲಿಲ್ಲ.

ವಾಷ್ ಬೇಸಿನ್‌ನ ಬಿರುಕು ಬಂದಾಗಲೇ ಇತ್ತು ಎಂದು ಬಾಡಿಗೆದಾರರು, ಇರಲಿಲ್ಲ ಎಂದು ಮಾಲೀಕರು. ಜಾಹೀರಾತಿನ ಫೋಟೊದಲ್ಲಿ ಬೇಸಿನ್ ಇತ್ತು, ಆದರೆ ಬಾಗಿಲಿನ ಕಡೆಯಿಂದ ತೆಗೆದದ್ದು; ಬಿರುಕಿನ ಜಾಗ ಸರಿಯಾಗಿ ನಲ್ಲಿಯ ಹಿಂದೆ ಮರೆಯಾಗಿತ್ತು. ಯಾರು ಸತ್ಯ ಹೇಳುತ್ತಿದ್ದಾರೆ ಎಂದು ತೀರ್ಮಾನಿಸಲು ದಾರಿಯೇ ಇಲ್ಲ. ಇಂಥಲ್ಲಿ ಹಣ ಮುರಿದುಕೊಳ್ಳುತ್ತೇನೆ ಎನ್ನುವವರೇ ಸಾಕ್ಷಿ ಕೊಡಬೇಕು. ಸಾಕ್ಷಿ ಇಲ್ಲ, 24 ಬಿಟ್ಟುಕೊಡಬೇಕಾಯಿತು.

ಬೀಗದ್ದು ಸಣ್ಣ ಸಂಗತಿ. ಮೂರು ಕೀ ಕೊಟ್ಟದ್ದಕ್ಕೆ ಹಳೆಯ ಮೆಸೇಜ್ ಇತ್ತು, ವಾಪಸ್ ಬಂದದ್ದು ಎರಡು. ಇಡೀ ಬೀಗ ಬದಲಿಸುವ ಅಗತ್ಯವಿಲ್ಲ, ಒಳಗಿನ ಸಿಲಿಂಡರ್ (ಕೀ ತೂರಿಸುವ ಭಾಗ) ಬದಲಿಸಿದರೆ ಹಳೆಯ ಕೀ ನಿರುಪಯೋಗಿ. 12ರ ಬದಲು 6. ಶುಚಿಯ 15ರಲ್ಲಿ, ಬರುವಾಗ ಮನೆ ಎಷ್ಟು ಶುಚಿಯಾಗಿತ್ತು ಎಂಬುದಕ್ಕೆ ದಾಖಲೆಯಿಲ್ಲ. ಜಿಡ್ಡು ಹಿಡಿದ ಎಕ್ಸಾಸ್ಟ್ ಫ್ಯಾನ್ ಮತ್ತು ಒಲೆಯ ಕಟ್ಟೆಯನ್ನು ಬಾಡಿಗೆದಾರರೇ ಒಪ್ಪಿಕೊಂಡದ್ದರಿಂದ 5.

ಒಟ್ಟು 208, 14.8, 6, 5. ಕೂಡಿದರೆ 233.8. ಅಡ್ವಾನ್ಸ್ 300ರಲ್ಲಿ ಇದು ಕಳೆದು ವಾಪಸ್ ಕೊಡಬೇಕಾದದ್ದು 66.2.

ಇತ್ಯರ್ಥ

ಬಾಡಿಗೆದಾರರು ಕೇಳಿದ 92ಕ್ಕೂ ಈ 66.2ಕ್ಕೂ ವ್ಯತ್ಯಾಸ 25.8. ಮಾಲೀಕರ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ 255.2. ಜಗಳ ಮುಗಿಯಲಿ, ಆಮೇಲೆ ರಿಪೇರಿ ಎಂದು ಕೂತದ್ದರಿಂದ ಮನೆ ಆರು ವಾರ ಖಾಲಿ ಬಿತ್ತು. ಹೋದ ಬಾಡಿಗೆ 150. ಈ ಪ್ರಕರಣದಲ್ಲಿ ಮಾಲೀಕರಿಗಾದ ಅತಿ ದೊಡ್ಡ ನಷ್ಟ ಇದೇ, ಅವರ ಪಟ್ಟಿಯಲ್ಲಿ ಇದರ ಹೆಸರೂ ಇರಲಿಲ್ಲ. ತಕರಾರಿನ ವಸ್ತುಗಳನ್ನು ಫೋಟೊ ತೆಗೆದು, ಇಬ್ಬರು ಕೆಲಸಗಾರರಿಂದ ಬರಹದಲ್ಲಿ ದರ ಪಡೆದು, ರಿಪೇರಿಯನ್ನು ಮೊದಲ ವಾರವೇ ಶುರು ಮಾಡಬಹುದಿತ್ತು. ಹಣದ ಮಾತುಕತೆ ಅದರ ಪಾಡಿಗೆ ನಡೆಯುತ್ತಿತ್ತು.

ವಿಷಯ ಬಗೆಹರಿದದ್ದು ಮಾಲೀಕರು ಎರಡನೇ ಪತ್ರ ಬರೆದಾಗ. ಅದರಲ್ಲಿ ಪ್ರತಿ ಬಾಬ್ತಿಗೂ ನಾಲ್ಕು ಸಂಗತಿ ಇತ್ತು: ಏನು ಹಾನಿ, ಅದರ ಫೋಟೊ, ಕೆಲಸಗಾರರ ಬಿಲ್ಲು, ವಯಸ್ಸು ಕಳೆದ ಲೆಕ್ಕ. ಬಿಟ್ಟುಕೊಟ್ಟ ಬಾಬ್ತುಗಳನ್ನೂ "ಬೇಸಿನ್: ದಾಖಲೆ ಇಲ್ಲದ ಕಾರಣ ಕೈಬಿಡಲಾಗಿದೆ" ಎಂದು ಕಾರಣ ಸಮೇತ ನಮೂದಿಸಿದ್ದರು. 66.2ನ್ನು ಪತ್ರದ ಜೊತೆಗೇ ಕಳಿಸಿಬಿಟ್ಟರು, "ಒಪ್ಪಿ ಸಹಿ ಮಾಡಿದರೆ ಕೊಡುತ್ತೇನೆ" ಎಂಬ ಷರತ್ತು ಹಾಕಲಿಲ್ಲ. ತಕರಾರಿಲ್ಲದ ಹಣವನ್ನು ಒತ್ತೆ ಇಟ್ಟುಕೊಂಡರೆ ಜಗಳ ಬೆಳೆಯುತ್ತದೆ. ಎಷ್ಟೋ ಕಡೆ ಕಾನೂನೂ ಅದನ್ನು ಸಹಿಸುವುದಿಲ್ಲ. ಬಾಡಿಗೆದಾರರು ಒಂದು ಸಾಲಿನಲ್ಲಿ ಒಪ್ಪಿಗೆ ಬರೆದರು.

ಮುಂದಿನವರು ಬರುವ ಮುನ್ನ

ಬೀಗದ ಸಿಲಿಂಡರ್ ಬದಲಾಯಿತು. ಕಳೆದ ಕೀ ಇರಲಿ ಬಿಡಲಿ, ಬಾಡಿಗೆದಾರರು ಬದಲಾದಾಗಲೆಲ್ಲ ಇದನ್ನು ಸ್ವಂತ ಖರ್ಚಿನಲ್ಲಿ ಮಾಡಿಸುವುದು ಒಳ್ಳೆಯದು. ಹಿಂದಿನವರು ಎಷ್ಟು ನಕಲು ಕೀ ಮಾಡಿಸಿದ್ದಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮನೆಯ ಎಲ್ಲ ಕನೆಕ್ಷನ್ ಪೈಪ್‌ಗಳನ್ನೂ ಹೊಸದಾಗಿ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಲಾಯಿತು. ಹೆಣಿಗೆಯ ಕವಚವಿರುವ ಈ ಪೈಪ್‌ಗಳನ್ನು ಸೋರುವ ತನಕ ಕಾಯದೆ ಐದರಿಂದ ಹತ್ತು ವರ್ಷದೊಳಗೆ ಬದಲಿಸಬೇಕು. ಮನೆ ಖಾಲಿ ಇರುವಾಗಲೇ ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರ್ ಓದಿ, ಒಂದು ಗಂಟೆ ಬಿಟ್ಟು ಮತ್ತೆ ಓದಿದರು. ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇಲ್ಲಿ ಸರಿದಿತ್ತು. ಫ್ಲಶ್ ಟ್ಯಾಂಕ್‌ಗೆ ಅಡುಗೆ ಬಣ್ಣದ ಕೆಲವು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟಾಗ ಕಮೋಡ್‌ನಲ್ಲಿ ಬಣ್ಣ ಇಳಿಯಿತು. ಟ್ಯಾಂಕ್ ತಳದ ರಬ್ಬರ್ ಬದಲಿಸಿದ ಮೇಲೆ ಮೀಟರ್ ನಿಂತಿತು.

ವರ್ಷದ ಲೆಕ್ಕವನ್ನು ಮಾಲೀಕರು 12 ತಿಂಗಳ ಬಾಡಿಗೆಯ ಮೇಲೆ ಹಾಕುವುದನ್ನು ಬಿಟ್ಟರು. ಒಂದು ತಿಂಗಳು ಖಾಲಿ ಬೀಳುತ್ತದೆ, ಇನ್ನೊಂದು ತಿಂಗಳ ಬಾಡಿಗೆ ರಿಪೇರಿಗೆ ಹೋಗುತ್ತದೆ ಎಂದು ಹಿಡಿದು, ಉಳಿದ 1,000ವನ್ನೇ ಆದಾಯ ಎಂದು ಎಣಿಸುವುದು ಹೊಸಬರಿಗೆ ಸುರಕ್ಷಿತ. ತೆರಿಗೆ, ವಿಮೆ ಇದರ ಮೇಲೆ ಪ್ರತ್ಯೇಕ. ಸಾಲದ ಕಂತು ಈ 1,000ದೊಳಗೆ ಕೂರದಿದ್ದರೆ, 3ರ ಪ್ಲಂಬರ್ ಖರ್ಚನ್ನೂ ಮುಂದೂಡುವ ಮನಸ್ಸು ಬರುತ್ತದೆ.

ಉಳಿದದ್ದು ಮಲಗುವ ಕೋಣೆಯ ಒದ್ದೆ ಗೋಡೆ. ಬೇಗ ಬಣ್ಣ ಬಳಿದು ಹೊಸಬರಿಗೆ ತೋರಿಸೋಣ ಎಂದು ಆಸೆಯಾಗುವುದು ಸಹಜ, ಆದರೆ ತೇವದ ಮೇಲೆ ಬಳಿದ ಬಣ್ಣ ಕೆಲವೇ ತಿಂಗಳಲ್ಲಿ ಮತ್ತೆ ಗುಳ್ಳೆಯೇಳುತ್ತದೆ. ನೆನೆದ ಇಟ್ಟಿಗೆ ಗೋಡೆ ಒಣಗಲು ದಪ್ಪದ ಪ್ರತಿ 25 ಮಿಲಿಮೀಟರ್‌ಗೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಅಂದಾಜು. ಸಡಿಲ ಪ್ಲಾಸ್ಟರ್ ಕೆರೆದು, ಕಿಟಕಿ ತೆರೆದು, ಫ್ಯಾನ್ ಹಾಕಿಟ್ಟರೆ ಬೇಗ ಆಗಬಹುದು. ಒಣಗಿದೆಯೇ ಎಂದು ನೋಡಲು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಹೊಸ ಬಾಡಿಗೆದಾರರು ಬರುವಾಗ ಆ ಗೋಡೆ ಇನ್ನೂ ಒಣಗಿರಲಿಲ್ಲ. ಕಾರಣ ಹೇಳಿ, ಸ್ಥಿತಿಯ ದಾಖಲೆಯಲ್ಲಿ ಕಲೆಯನ್ನು ಅಳತೆಪಟ್ಟಿ ಸಮೇತ ಸೇರಿಸಿ, ಬಣ್ಣ ಹೊಡೆಸುವ ತಾರೀಖನ್ನು ಕರಾರಿನಲ್ಲೇ ಬರೆದುಕೊಟ್ಟರು.